ನೇರಪ್ರಸಾರ ಮುಗಿದ ಮೇಲೆ ಅಳಿಸಬೇಡಿ: ಮೂರು ವರ್ಷದ ನೋಡುಗನ ಮಾತು

ನಮ್ಮ ಜಿಲ್ಲೆಯ ಈ ಯೂಟ್ಯೂಬ್ ಸುದ್ದಿವಾಹಿನಿಯನ್ನು ನಾನು ನೋಡತೊಡಗಿದ್ದು 2022ರ ಮೇ ತಿಂಗಳಲ್ಲಿ. ಆ ತಿಂಗಳ 13ರಂದು ರಾಯಚೂರಿನಲ್ಲಿ ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆಯಾದ ಏಮ್ಸ್‌ಗಾಗಿ ಅನಿರ್ದಿಷ್ಟಾವಧಿ ಧರಣಿ ಆರಂಭವಾಯಿತು. ದೊಡ್ಡ ವಾಹಿನಿಗಳಲ್ಲಿ ಅದರ ಸುದ್ದಿಗಾಗಿ ಕಾದು ಕೂತರೆ ಪರದೆಯ ಕೆಳಗೆ ಓಡುವ ಒಂದು ಸಾಲು ಸಿಗುತ್ತಿತ್ತು. ಇವರು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪೆಂಡಾಲಿನ ಮುಂದೆ ನಿಂತೇಬಿಟ್ಟರು.

ಮಾನ್ವಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಸಂಜೆ ಗಿರಾಕಿ ಕಡಿಮೆಯಾದ ಹೊತ್ತಿಗೆ ಮೊಬೈಲನ್ನು ತೂಕದ ಯಂತ್ರಕ್ಕೆ ಒರಗಿಸಿ, ಚಹಾ ತರಿಸಿಕೊಂಡು ಕೂರುತ್ತೇನೆ. ದಿನಕ್ಕೆ ಒಂದೂವರೆ ಜಿಬಿ ಡೇಟಾದಲ್ಲೇ ಎಲ್ಲವೂ ಆಗಬೇಕು. ಹಾಗಾಗಿ ಚಿತ್ರದ ಗುಣಮಟ್ಟವನ್ನು 144ಕ್ಕೆ ಇಳಿಸುತ್ತೇನೆ. ಮುಖ ಮಸುಕಾದರೂ ದನಿ ಸ್ಪಷ್ಟವಾಗಿರುತ್ತದೆ, ನನಗೆ ಅಷ್ಟು ಸಾಕು. ಹಿನ್ನೆಲೆ ಸಂಗೀತವಿಲ್ಲ, ಕೂಗಾಡುವ ನಿರೂಪಕರಿಲ್ಲ. ಭಾಷಣ ಮುಗಿದ ಮೇಲೂ ಕ್ಯಾಮೆರಾ ಅಲ್ಲೇ ಇರುತ್ತಿತ್ತು. ಯಾರೋ ಜಮಖಾನೆ ಕೊಡವಿ ಮಡಿಸುತ್ತಿದ್ದರು. ಇನ್ನೊಬ್ಬರು ಬ್ಯಾನರಿನ ಮೇಲೆ ಧರಣಿಯ ಎಷ್ಟನೇ ದಿನವೆಂದು ತೋರಿಸುವ ಮರುದಿನದ ಅಂಕಿಯ ಚೀಟಿ ಅಂಟಿಸಿ, ಅಂಗೈಯಿಂದ ಎರಡು ಸಲ ಒತ್ತುತ್ತಿದ್ದರು. ಆ ಅಂಕಿ ಬದಲಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಶಟರ್ ಎಳೆಯುತ್ತಿದ್ದೆ.

ತಾಯಿಯನ್ನು ಚಿಕಿತ್ಸೆಗೆಂದು ಹನ್ನೊಂದು ಸಲ ಹೈದರಾಬಾದಿಗೆ ಕರೆದೊಯ್ದವನು ನಾನು. ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ವರದಿಯಲ್ಲಿ ರಾಯಚೂರಿಗೆಂದು ಹೇಳಿದ್ದ ಐಐಟಿ ಧಾರವಾಡದ ಪಾಲಾದದ್ದನ್ನೂ ನೋಡಿದ್ದೇನೆ. ಏಮ್ಸ್ ಕೂಡ ಹಾಗೆ ಕೈತಪ್ಪಬಾರದೆಂದು ಕೂತವರನ್ನು ದಿನವೂ ತೋರಿಸುವವರಿಗೆ ಏನಾದರೂ ಕೊಡಬೇಕೆನ್ನಿಸಿ ತಿಂಗಳಿಗೆ 59 ರೂಪಾಯಿಯ ಸದಸ್ಯನಾದೆ.

ಬೇಸರ ಶುರುವಾದದ್ದು 2023ರ ವಿಧಾನಸಭಾ ಚುನಾವಣೆಯ ನಂತರ. ಅದಕ್ಕೂ ಮುಂಚೆ ಮುಖಂಡರೊಬ್ಬರು ಪೆಂಡಾಲಿಗೆ ಬಂದು ಕೊಟ್ಟ ಮಾತನ್ನು ತಮ್ಮನಿಗೆ ತೋರಿಸಲು ಹುಡುಕಿದೆ. ಆ ದಿನದ ನೇರಪ್ರಸಾರವೇ ಇರಲಿಲ್ಲ. ಅದರ ಜಾಗದಲ್ಲಿ ನಲವತ್ತು ಸೆಕೆಂಡಿನ ತುಣುಕು, ಡೋಲಿನ ಸದ್ದು, ಕೆಂಪು ಬಾಣದ ಗುರುತು; ಮಾತು ಕೊಟ್ಟ ಭಾಗವನ್ನೇ ಕತ್ತರಿಸಿದ್ದರು. ಹಿಂದಿನ ತಿಂಗಳುಗಳನ್ನು ತಡಕಾಡಿದರೆ ಅಲ್ಲಿಯೂ ಇದೇ ಕತೆ. ಹನ್ನೆರಡು ಗಂಟೆಯೊಳಗಿನ ನೇರಪ್ರಸಾರವನ್ನು ಯೂಟ್ಯೂಬ್ ತಾನಾಗಿಯೇ ಉಳಿಸಿಕೊಡುತ್ತದೆ. ಕೈಯಾರೆ ಅಳಿಸಿದವರು ಇವರೇ. ಫೋನ್ ಮಾಡಿ ಕೇಳಿದರೆ, "ಅಣ್ಣಾ, ಉದ್ದದ ವಿಡಿಯೊ ಯಾರೂ ನೋಡುವುದಿಲ್ಲ" ಎಂದರು. ನಾನು ನೋಡುತ್ತೇನೆ. ಯಾರು ಯಾವ ದಿನ ಬಂದು ಏನು ಒಪ್ಪಿಕೊಂಡು ಹೋದರು ಎಂಬುದು ಧರಣಿ ಕೂತವರ ಪಾಲಿಗೆ ದಸ್ತಾವೇಜು. ಅದನ್ನು ಜೋಪಾನ ಮಾಡಬಲ್ಲವರು ಇವರೊಬ್ಬರೇ ಆಗಿದ್ದರು.

2025ರ ಫೆಬ್ರುವರಿಯಲ್ಲಿ ಧರಣಿ ಸಾವಿರ ದಿನ ದಾಟಿತು. ಅಂದು ರಾತ್ರಿ ಮೊದಲ ದಿನದ ದೃಶ್ಯವನ್ನು ನೋಡುವ ಆಸೆಯಾಯಿತು. ಸಿಗಲಿಲ್ಲ. ಮರುದಿನವೇ ಸದಸ್ಯತ್ವ ನಿಲ್ಲಿಸಿದೆ.

ಐದಕ್ಕೆ ಮೂರು ನಕ್ಷತ್ರ ಕೊಡುತ್ತಿದ್ದೇನೆ, ಮೂರೂ ಆ ಅಲುಗಾಡದ ಕ್ಯಾಮೆರಾಕ್ಕೆ. ಬಿಸಿಲಲ್ಲಿ ನಿಂತು ಚಿತ್ರೀಕರಿಸಿದ ಹುಡುಗರ ಶ್ರಮದ ಬಗ್ಗೆ ನನ್ನ ತಕರಾರಿಲ್ಲ. ಹಳೆಯ ನೇರಪ್ರಸಾರಗಳು ಅವರ ಹತ್ತಿರ ಎಲ್ಲಾದರೂ ಉಳಿದಿದ್ದರೆ ಮತ್ತೆ ಹಾಕಲಿ, ಅದೇ ದಿನ ಮತ್ತೆ ಸದಸ್ಯನಾಗುತ್ತೇನೆ. ನೋಡುವುದನ್ನಂತೂ ಬಿಟ್ಟಿಲ್ಲ. ಉದ್ರಿ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಈಗ ನಾನೇ ದಿನದ ಅಂಕಿ, ಮಾತನಾಡಿದವರ ಹೆಸರು, ಅವರು ಕೊಟ್ಟ ಮಾತು ಇಷ್ಟನ್ನು ಬರೆದಿಡುತ್ತಿದ್ದೇನೆ. ನಲವತ್ತಾರು ಹಾಳೆ ತುಂಬಿವೆ. ವಾಹಿನಿಯವರು ಕೇಳಿದರೆ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ.