ಬಿಯರ್ಡೆಡ್ ಡ್ರ್ಯಾಗನ್ ಮೊಟ್ಟೆಯಿಡಲು ಯಾವುದು ಮೇಲು: ಕೊಕೊಪೀಟೋ, ವರ್ಮಿಕ್ಯುಲೈಟೋ, ಮರಳು-ಕೆಮ್ಮಣ್ಣೋ?

ನಮ್ಮ ಓತಿಕ್ಯಾತನ ಕುಟುಂಬಕ್ಕೇ ಸೇರಿದ, ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರ್ಯಾಗನ್ ಹೆಣ್ಣಾಗಿದ್ದರೆ, ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುವುದುಂಟು. ಮರಿಯಾಗದ ಆ ಮೊಟ್ಟೆಗಳನ್ನೂ ಅದು ಮಣ್ಣು ತೋಡಿ ಹೂಳಲು ಬಯಸುತ್ತದೆ. ತಕ್ಕ ಜಾಗ ಸಿಗದಿದ್ದರೆ ಮೊಟ್ಟೆಗಳು ಒಳಗೇ ಉಳಿದು ಪ್ರಾಣಕ್ಕೆ ಕುತ್ತು ಬರಬಹುದು. ನಮ್ಮ ಮನೆಯ ಓತಿಗಾಗಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಖನಿಜ) ಮತ್ತು ಮರಳು ಬೆರೆಸಿದ ಕೆಮ್ಮಣ್ಣು ಮೂರನ್ನೂ ಬಳಸಿ ನೋಡಿದ ನಾನು, ಈಗ ಕೊನೆಯದನ್ನು ಬಿಟ್ಟು ಬೇರೇನನ್ನೂ ಕೊಳ್ಳುವುದಿಲ್ಲ.

ಕೊಕೊಪೀಟ್ ಇಟ್ಟಿಗೆ ಯಾವ ನರ್ಸರಿಯಲ್ಲಾದರೂ ಸಿಗುತ್ತದೆ, ಹಗುರವಾಗಿದೆ, ನೀರನ್ನೂ ಚೆನ್ನಾಗಿ ಹೀರುತ್ತದೆ. ಆದರೆ ಅದರಲ್ಲಿ ಸುರಂಗ ನಿಲ್ಲುವುದಿಲ್ಲ. ಈ ಪ್ರಾಣಿ ಮೇಲ್ಮೈಯನ್ನು ಕೆದರಿ ಸುಮ್ಮನಾಗುವಂಥದ್ದಲ್ಲ. ತನ್ನ ಮೈ ಹಿಡಿಸುವಷ್ಟು ಓರೆಯಾದ ಬಿಲವನ್ನು ತೋಡಿ, ಒಳಗೆ ತಿರುಗಿ ನೋಡಿ, ಒಪ್ಪಿಗೆಯಾದ ಮೇಲೆಯೇ ಮೊಟ್ಟೆಯಿಡುತ್ತದೆ. ಕೊಕೊಪೀಟನ್ನು ಎಷ್ಟು ಅದುಮಿದರೂ ಮತ್ತೆ ಉಬ್ಬಿಕೊಳ್ಳುವುದರಿಂದ, ಬಿಲ ಅರ್ಧವಾಗುವಷ್ಟರಲ್ಲಿ ಮೇಲ್ಛಾವಣಿ ಕುಸಿಯುತ್ತಿತ್ತು. ಓತಿ ಅದನ್ನು ಬಿಟ್ಟು ಇನ್ನೊಂದು ಮೂಲೆ ಹಿಡಿಯುತ್ತಿತ್ತು, ಅಲ್ಲಿಯೂ ಅದೇ ಗತಿ.

ನೀರು ಹೆಚ್ಚಿಸಿದರೆ ತಳ ಕೆಸರಾಗುತ್ತಿತ್ತು, ಓತಿಯನ್ನು ಬೆಚ್ಚಗಿಡುವ ದೀಪದ ಕಾವಿಗೆ ಮೇಲ್ಪದರ ಮಾತ್ರ ಒಣಗಿ ಪುಡಿಯಾಗಿ ಉದುರುತ್ತಿತ್ತು. ಮೊಟ್ಟೆ ಹೊತ್ತು ಮೊದಲೇ ಆಹಾರ ಕಡಿಮೆ ಮಾಡಿರುವ ಹೆಣ್ಣು ಹೀಗೆ ಗಂಟೆಗಟ್ಟಲೆ ವ್ಯರ್ಥವಾಗಿ ತೋಡಿ ಬಳಲುವುದನ್ನು ನೋಡಿದವರು ಇಟ್ಟಿಗೆಯ ಅಗ್ಗದ ಬೆಲೆಯನ್ನು ಹೊಗಳಲಾರರು.

ವರ್ಮಿಕ್ಯುಲೈಟ್ ಮೊಟ್ಟೆಗಳನ್ನು ಕಾವಿಗಿಡಲು ಒಳ್ಳೆಯದು, ತೋಡಲು ಅಲ್ಲ. ಮೊಟ್ಟೆಯಿಡಲೆಂದು ಇಡುವ ಆಳವಾದ ಟಬ್ಬು ತುಂಬುವಷ್ಟು ಕೊಂಡರೆ ದುಬಾರಿಯೂ ಹೌದು.

ಮರಳು-ಕೆಮ್ಮಣ್ಣನ್ನು ನಾನು ಸರಿಸಮವಾಗಿ ಬೆರೆಸುತ್ತೇನೆ. ಮರಳು ನದಿಯದ್ದೇ ಆಗಬೇಕು. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡಿನ ಹರಳು ಚೂಪು, ದೂಳೂ ಹೆಚ್ಚು. ಮಣ್ಣಿನಲ್ಲಿ ಗೊಬ್ಬರ, ಬೇವಿನ ಹಿಂಡಿ, ಕೀಟನಾಶಕ ಸೇರಿರಬಾರದು. ಆದ್ದರಿಂದ ಕುಂಡಕ್ಕೆಂದೇ ಮಾರುವ ಸಿದ್ಧ ಮಿಶ್ರಣವನ್ನು ತರುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಒಸರಬಾರದು. ಇದನ್ನು ಪದರ ಪದರವಾಗಿ ಅದುಮಿ 25 ಸೆಂಟಿಮೀಟರಿನಷ್ಟು ತುಂಬಿಸಿ, ಒಂದು ಮೂಲೆಯಲ್ಲಿ ಕೈಯಿಂದಲೇ ಬಿಲದ ಬಾಯಿ ತೆರೆದುಕೊಟ್ಟರೆ, ಉಳಿದುದನ್ನು ಓತಿ ತಾನೇ ಮುಗಿಸುತ್ತದೆ. ಟಬ್ಬಿನ ಸುತ್ತ ಹಳೆಯ ಪತ್ರಿಕೆಯಿಂದ ಮರೆಮಾಡಿ, ಪದೇ ಪದೇ ಇಣುಕದಿರುವುದು ಮುಖ್ಯ. ತೋಡುವುದನ್ನೇ ನಿಲ್ಲಿಸಿ ಮಂಕಾಗಿ ಮಲಗಿದರೆ ಯಾವ ಮಣ್ಣೂ ಉಪಯೋಗಕ್ಕೆ ಬಾರದು, ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿ ಅಂದೇ ಒಯ್ಯಬೇಕು.

ಇದರ ದೋಷ ತೂಕವೊಂದೇ. ತುಂಬಿದ ಟಬ್ಬನ್ನು ಒಬ್ಬರೇ ಎತ್ತಲಾಗದು. ನಾನು ಅದನ್ನು ನೆಲದ ಮೇಲೆಯೇ ಇಟ್ಟು, ಓತಿಯನ್ನು ಅಲ್ಲಿಗೆ ಕರೆತರುತ್ತೇನೆ. ಲಿಫ್ಟಿಲ್ಲದ ಮಹಡಿಯಲ್ಲಿರುವವರು ಬೇಕಾದರೆ ಕಾಲು ಭಾಗ ಕೊಕೊಪೀಟ್ ಬೆರೆಸಿಕೊಳ್ಳಲಿ, ಅದಕ್ಕಿಂತ ಹೆಚ್ಚು ಬೇಡ. ಕೆಲಸ ಮುಗಿದ ಮೇಲೆ ಆ ಮಣ್ಣು ಬಾಲ್ಕನಿಯ ಕುಂಡಗಳಿಗೆ ಹೋಗುವುದರಿಂದ, ನನ್ನ ಲೆಕ್ಕದಲ್ಲಿ ಖರ್ಚಾಗುವುದು ಮರಳಿನ ಹಣ ಮಾತ್ರ.