ಸಿಂಗಪುರದ ಫ್ರೀ ಡೇ: ಟೂರ್ ಬಸ್ಸೋ, ಮೆಟ್ರೋನೋ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಮೆಟ್ರೋಗೆ. ಗುಂಪಿನ ಜತೆ ಸಿಂಗಪುರಕ್ಕೆ ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಕೊನೆಯಲ್ಲಿ ಒಂದು ದಿನ ಫ್ರೀ ಕೊಟ್ಟಿದ್ದರು. 2018ರಲ್ಲಿ ಟೂರ್‌ನವರ ಬಸ್ ಹತ್ತಿದೆ. ಕಳೆದ ವರ್ಷ ಅಕ್ಕನ ಜತೆ ಮೆಟ್ರೋದಲ್ಲಿ ಸುತ್ತಿದೆ.

ಬಸ್ಸಿನ ಕತೆ ಚಿಕ್ಕದು. ತಲೆಗೆ 40 ಡಾಲರ್. ಎ.ಸಿ. ಇತ್ತು, ಮಧ್ಯಾಹ್ನ ಅನ್ನ ದಾಲ್ ಇತ್ತು, ಕಾಲು ನೋಯಲಿಲ್ಲ. ಆದರೆ ಚಾಕಲೇಟ್ ಅಂಗಡಿಗೆ ಒಂದು ಗಂಟೆ, ಮೆರ್ಲಯನ್ (ಸಿಂಹದ ತಲೆ, ಮೀನಿನ ಮೈಯ ಪ್ರತಿಮೆ) ಮುಂದೆ ಇಪ್ಪತ್ತೇ ನಿಮಿಷ! ಅದರಲ್ಲೂ ಹತ್ತು ನಿಮಿಷ ಗ್ರೂಪ್ ಫೋಟೋಗೆ ಹೋಯಿತು. ಸಂಜೆ ಆರಕ್ಕೆಲ್ಲ ಹೋಟೆಲ್‌ನಲ್ಲಿ ಇಳಿಸಿದರು.

ಮೆಟ್ರೋಗೆ ಬೇರೆ ಟಿಕೆಟ್ಟೇ ಬೇಡ, ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ತಾಗಿಸಿದರೆ ಗೇಟ್ ತೆಗೆಯುತ್ತೆ. ನಾವು ಓಡಾಡಿದ ದೂರಕ್ಕೆ ಒಂದು ಸಲಕ್ಕೂ ಎರಡು ಡಾಲರ್ ದಾಟಲಿಲ್ಲ. ಬೆಳಗ್ಗೆ ಬೂಗಿಸ್‌ನಲ್ಲಿ ಇಳಿದೆವು. ಬೂಗಿಸ್ ಸ್ಟ್ರೀಟ್ ಅಂದರೆ ಸೂರು ಹಾಕಿದ ಬಜಾರು. ಟೀ ಶರ್ಟು, ಕೀ ಚೈನು, ಅಕ್ಕಪಕ್ಕದವರಿಗೆ ಕೊಡೋ ಸಣ್ಣಪುಟ್ಟ ಸಾಮಾನು. ನನಗೆ ಹಿಡಿಸಿದ್ದು ಅದರ ಹಿಂದಿನ ವಾಟರ್ಲೂ ಸ್ಟ್ರೀಟ್. ಚೀನೀಯರ ಕ್ವಾನ್ ಯಿನ್ ದೇವಿಯ ಗುಡಿ, ಅದರ ಪಕ್ಕದಲ್ಲೇ ಕೃಷ್ಣನ ಗುಡಿ. ಕ್ವಾನ್ ಯಿನ್ ಗುಡಿಯಲ್ಲಿ ಕೈ ಮುಗಿದು ಬಂದ ಚೀನೀ ಅಜ್ಜಿಯೊಬ್ಬರು ಕೃಷ್ಣನ ಬಾಗಿಲಲ್ಲಿ ನಿಂತು ಊದುಬತ್ತಿ ಹಚ್ಚಿದರು. ಬಸ್ಸಿನಲ್ಲಿ ಹೋಗಿದ್ದರೆ ಇದನ್ನು ಯಾರು ತೋರಿಸ್ತಿದ್ದರು, ಅಲ್ವಾ?

ಅಲ್ಲಿಂದ ಎರಡನೇ ಸ್ಟೇಷನ್ನೇ ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್‌ನಲ್ಲಿ ಊಟ (1947ರ ಹೋಟೆಲ್). ಆಮೇಲೆ ಮುಸ್ತಫಾ ಸೆಂಟರ್ ಅನ್ನೋ ದೊಡ್ಡ ಅಂಗಡಿ. ಕೋವಿಡ್‌ಗೆ ಮುಂಚೆ ಅದು 24 ಗಂಟೆಯೂ ತೆರೆದಿರ್ತಿತ್ತು. ಕೊಡಲಿ ಮಾರ್ಕಿನ ತಲೆನೋವಿನ ಎಣ್ಣೆ, ಟೈಗರ್ ಬಾಮ್, ಸೆಂಟು, ಚಾಕಲೇಟ್, ಭಾವನಿಗೆ ವಾಚು. ಒಟ್ಟು 240 ಡಾಲರ್.

ಎಡವಟ್ಟಾಗಿದ್ದು ಇಲ್ಲೇ. ಸಿಂಗಪುರದಲ್ಲಿ ಪ್ರವಾಸಿಗರಿಗೆ ಜಿಎಸ್‌ಟಿ ವಾಪಸ್ ಸಿಗುತ್ತೆ. ಮೊದಲ ಸಲ ಹೋದಾಗ ಶೇ 7 ಇತ್ತು, 2024ರಿಂದ ಶೇ 9. ಒಂದು ಅಂಗಡಿಯಲ್ಲಿ 100 ಡಾಲರ್ ಮುಟ್ಟಬೇಕು; ಅದೇ ಅಂಗಡಿಯ ಅದೇ ದಿನದ ಮೂರು ಬಿಲ್‌ವರೆಗೆ ಸೇರಿಸಬಹುದು. ಇಷ್ಟೆಲ್ಲ ಓದಿಕೊಂಡು ಹೋಗಿದ್ದೆ. ಕೌಂಟರಿನಾಕೆ ಪಾಸ್‌ಪೋರ್ಟ್ ಕೇಳಿದಳು. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಅಸಲಿಯೇ ಬೇಕು ಅಂದಳು. ನಿಯಮವೇ ಹಾಗೆ, ಅವಳದ್ದೇನೂ ತಪ್ಪಿಲ್ಲ.

ಅಸಲಿ ಎಲ್ಲಿತ್ತು? ನಮ್ಮ ಟೂರ್ ಮ್ಯಾನೇಜರ್ ಮೊದಲ ದಿನವೇ "ಕಳೆದುಹೋದರೆ ಕಷ್ಟ ಮೇಡಂ" ಅಂತ ಎಲ್ಲರದ್ದೂ ಈಸ್ಕೊಂಡು ತನ್ನ ರೂಮಿನ ಲಾಕರ್‌ನಲ್ಲಿ ಇಟ್ಟಿದ್ದ. ಫೋನ್ ಮಾಡಿದರೆ ಆಸಾಮಿ ಉಳಿದವರ ಜತೆ ಬಸ್ಸಿನಲ್ಲಿ. "ಸಂಜೆ ಆರಕ್ಕೆ ಬರ್ತೀನಿ, ಆಮೇಲೆ ತಗೊಂಡು ಹೋಗಿ" ಅಂದ. ಸಾಮಾನು ಅಲ್ಲೇ ಇಟ್ಟು, ಸಂಜೆ ಹೋಟೆಲ್‌ಗೆ ಹೋಗಿ, ಮತ್ತೆ ಬರಬೇಕಾ? ರಿಫಂಡ್ ಕೊಡೋರು ಕಮಿಷನ್ ಹಿಡಿದುಕೊಂಡರೂ ಸಾವಿರ ರೂಪಾಯಿಯಾದರೂ ಬರ್ತಿತ್ತು. "ಹೋಗ್ಲಿ ಬಿಡೇ, ಕಾಲು ಬಿದ್ದುಹೋಗಿದೆ" ಅಂದಳು ಅಕ್ಕ. ಬಿಟ್ಟೆವು. ನನಗೆ ಮಾತ್ರ ಅದು ಇವತ್ತಿಗೂ ಚುಚ್ಚುತ್ತೆ.

ಹಾಗಾಗಿ ಫ್ರೀ ಡೇ ಬೆಳಗ್ಗೆ ತಿಂಡಿಗೆ ಮುಂಚೆ ಪಾಸ್‌ಪೋರ್ಟ್ ಕೇಳಿ ಇಸ್ಕೊಳ್ಳಿ. ಚಾಂಗಿ ಏರ್‌ಪೋರ್ಟ್‌ನಲ್ಲಿ ಸೂಟ್‌ಕೇಸ್ ಒಳಗೆ ಕಳಿಸೋ ಮುಂಚೆ ರಿಫಂಡ್ ಮೆಷಿನ್ ಹತ್ತಿರ ಹೋಗಿ, ಸಾಮಾನು ತೋರಿಸಿ ಅಂದರೂ ಅನ್ನಬಹುದು.

ಮಂಡಿ ನೋವಿನ ಹಿರಿಯರು ಜತೆಗಿದ್ದರೆ ಬಸ್ಸೇ ಸರಿ, ವಾದ ಮಾಡಲ್ಲ. ನಾನು ನಡೆಯೋಳು, ಅಂಗಡಿಯಲ್ಲಿ ಹತ್ತು ಸಲ ರೇಟ್ ನೋಡೋಳು. ಬಸ್ಸಿಗೆ ಕೊಡದೆ ಉಳಿದ ಆ 40 ಡಾಲರ್‌ಗೆ ವಾಚಿನ ಅರ್ಧ ದುಡ್ಡು ಬಂತು.

ಸಂಜೆ ಲಿಟಲ್ ಇಂಡಿಯಾದಿಂದ ಅದೇ ನೀಲಿ ಲೈನಿನಲ್ಲಿ ನೇರ ಬೇಫ್ರಂಟ್‌ಗೆ ಹೋದೆವು. ಗಾರ್ಡನ್ಸ್ ಬೈ ದ ಬೇನಲ್ಲಿ 7.45ಕ್ಕೆ ಲೈಟ್ ಶೋ, ಪೂರ್ತಿ ಪುಕ್ಕಟೆ. ಜನ ನೆಲದ ಮೇಲೇ ಮಲಗಿ ನೋಡ್ತಾರೆ. ಅಕ್ಕನೂ ಚಾಕಲೇಟ್ ಚೀಲ ತಲೆದಿಂಬು ಮಾಡ್ಕೊಂಡು ಮಲಗಿದಳು. ಮೈಸೂರಿಗೆ ಬಂದು ಚೀಲ ಬಿಚ್ಚಿದರೆ ಅರ್ಧ ಚಾಕಲೇಟ್ ದೋಸೆ ಥರ ಚಪ್ಪಟೆ.