ಶಿವಮೊಗ್ಗ ಎಪಿಎಂಸಿಯ ಅಡಿಕೆ ಇ-ಟೆಂಡರ್: ಒಳ್ಳೆಯ ದರ ಯಾರ ಕೈಗೆ ಸಿಗುತ್ತದೆ?

ಸಾಗರ ರಸ್ತೆಯ ಎಪಿಎಂಸಿ ಯಾರ್ಡಿನಲ್ಲಿ ಇವತ್ತು ‘ರಾಶಿ’ ದರ್ಜೆಯ ಅಡಿಕೆ ಏನು ರೇಟು ಅನ್ನೋದು ಮಧ್ಯಾಹ್ನದ ಹೊತ್ತಿಗೆ ಮಲೆನಾಡಿನ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಆ ರೇಟು ನಿಮ್ಮ ಚೀಲಕ್ಕೂ ಸಿಗುತ್ತದೆಯೇ ಎಂಬುದು ಬೇರೆ ಮಾತು. ಲಾಟು (ಒಟ್ಟಿಗೆ ಮಾರಲು ತಂದ ಮಾಲು) ಇಳಿಸಿದಲ್ಲಿಂದ ದುಡ್ಡು ಖಾತೆಗೆ ಬೀಳುವವರೆಗೆ ಈ ಸೇವೆ ಹೇಗಿದೆ, ಎಲ್ಲಿ ಗಟ್ಟಿ, ಎಲ್ಲಿ ಸೋರುತ್ತದೆ ಎಂಬುದನ್ನು ಬೆಳೆಗಾರನ ಕಡೆಯಿಂದ ನೋಡಿ ಬರೆದ ವಿಮರ್ಶೆ ಇದು. ಮೊದಲೇ ಹೇಳಿಬಿಡುವುದಾದರೆ: ಟೆಂಡರ್ ಭಾಗ ಚೆನ್ನಾಗಿದೆ, ತೂಕದ ಭಾಗ ನೀವು ಎದುರಿಗೆ ನಿಂತರೆ ಚೆನ್ನಾಗಿದೆ, ಗುಣಮಟ್ಟ ಅಳೆಯುವ ಭಾಗ ಇನ್ನೂ ಕಣ್ಣಂದಾಜಿನಲ್ಲೇ ಇದೆ. ಇವೆಲ್ಲಕ್ಕಿಂತ ದೊಡ್ಡದು ಮಳೆಗಾಲದ ಖರ್ಚಿಗೆ ನೀವು ಯಾರ ಹತ್ತಿರ ದುಡ್ಡು ತಂದಿದ್ದೀರಿ ಎಂಬುದು.

ಟೆಂಡರ್ ನಡೆಯುವ ಬಗೆ ಹೀಗೆ. ಟೆಂಡರಿಗೆ ಬಳಸುವ ಆನ್‌ಲೈನ್ ಜಾಲವಾದ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದದ್ದು 2014ರಲ್ಲಿ. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಕಡೆಯ ಸಂಸ್ಥೆ ಸೇರಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅದನ್ನು ನಡೆಸುತ್ತದೆ. ಇಡೀ ದೇಶಕ್ಕೆಂದು ಕೇಂದ್ರ ಮಾಡಿದ ಇಂಥದ್ದೇ ಜಾಲ ಇ-ನಾಮ್ ಬಂದದ್ದು ಅದಾದ ಮೇಲೆ, 2016ರಲ್ಲಿ. ಗೇಟಿನಲ್ಲಿ ನಮೂದು ಮಾಡಿಸಿ ಮಾಲು ಮಂಡಿಗೋ (ದಲ್ಲಾಳಿಯ ಅಂಗಡಿಗೋ) ಸಹಕಾರ ಸಂಘಕ್ಕೋ ಇಳಿದ ಮೇಲೆ ಅದಕ್ಕೊಂದು ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಬಂದು ಮಾದರಿ ನೋಡುತ್ತಾರೆ, ನಿಗದಿತ ಹೊತ್ತಿನೊಳಗೆ ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚು ಬರೆದವರ ಹೆಸರು ಬರುತ್ತದೆ. ಟವೆಲಿನಡಿ ಕೈಬೆರಳು ಹಿಡಿದು ಕುದುರಿಸುತ್ತಿದ್ದ ಪದ್ಧತಿಗೆ ಹೋಲಿಸಿದರೆ ಇದು ನಿಜಕ್ಕೂ ದೊಡ್ಡ ಸುಧಾರಣೆ. ಹತ್ತು ಜನ ಖರೀದಿದಾರರು ಒಂದೇ ಲಾಟಿಗೆ ಬರೆದರೆ ಒಬ್ಬನ ಅಂದಾಜು ತಪ್ಪಿದರೂ ಇನ್ನೊಬ್ಬನದು ಸರಿ ಮಾಡುತ್ತದೆ.

ಇನ್ನೊಂದು ಮುಖ್ಯ ವಿಷಯ ಹಲವರಿಗೆ ತಿಳಿದೇ ಇಲ್ಲ. ಬಂದ ದರವನ್ನು ಒಪ್ಪಲೇಬೇಕೆಂದೇನೂ ಇಲ್ಲ. ಬೇಡ ಎನ್ನುವ ಹಕ್ಕು ಬೆಳೆಗಾರನದು. ಲಾಟು ಹಾಗೇ ಇಟ್ಟು ಮುಂದಿನ ಟೆಂಡರಿಗೆ ಬಿಡಬಹುದು. ಕಾಗದದ ಮೇಲೆ ಇಷ್ಟು ಬಲವಾದ ಹಕ್ಕು ಬೇರೆ ಎಷ್ಟೋ ಬೆಳೆಗಳ ಮಾರುಕಟ್ಟೆಯಲ್ಲಿ ಬಳಕೆಗೆ ಬರುವುದೇ ಇಲ್ಲ. ಟೊಮೆಟೊ ತಂದವನು ‘ಬೇಡ’ ಅಂದರೆ ಸಂಜೆಗೆ ಕೊಳೆಯುತ್ತದೆ. ಅಡಿಕೆ ಕಾಯುತ್ತದೆ. ಈ ಸೇವೆಯ ಅರ್ಧ ಶಕ್ತಿ ಇರುವುದು ಅಡಿಕೆಯ ಆ ಗುಣದಲ್ಲಿ.

ಇನ್ನು ಗುಣಮಟ್ಟ. ಶಿವಮೊಗ್ಗದ ಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಹೆಸರು ಕಾಣುತ್ತವೆ. ಎಳೆಯ ಕಾಯಿಯ ಸರಕಿಗೆ ಎಲ್ಲಕ್ಕಿಂತ ಹೆಚ್ಚು ದರ, ಬಲಿತದ್ದರ ಗೊರಬಲಿಗೆ ಎಲ್ಲಕ್ಕಿಂತ ಕಡಿಮೆ. ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಎಂದು ಎರಡು ಅಂಕಿ ಇರುತ್ತದೆ. ಅವುಗಳ ನಡುವಿನ ಅಂತರ ಒಂದೇ ದಿನ, ಒಂದೇ ಜಾತಿಯಲ್ಲಿ ಸಾವಿರಾರು ರೂಪಾಯಿ. ಮೊಬೈಲಿನಲ್ಲಿ ಓಡಾಡುವುದು ಗರಿಷ್ಠದ್ದು, ನಿಮ್ಮ ಲಾಟಿಗೆ ಸಿಗುವುದು ಹೆಚ್ಚಾಗಿ ನಡುವಿನದ್ದು. ಆದ್ದರಿಂದ ಪಟ್ಟಿಯಲ್ಲಿ ಗರಿಷ್ಠ ನೋಡಬೇಡಿ, ಮಾದರಿ ದರ ಎಂದು ಬರೆದಿರುವ ಅಂಕಿ ನೋಡಿ. ಅಂದು ಹೆಚ್ಚು ಮಾಲು ಯಾವ ದರಕ್ಕೆ ಹೋಯಿತು ಎಂದು ತಿಳಿಯುವುದು ಅದರಿಂದ.

ಖರೀದಿದಾರ ಚೀಲದ ಬಾಯಲ್ಲಿರುವ ಅಡಿಕೆ ನೋಡುವುದಿಲ್ಲ. ಮೊಣಕೈವರೆಗೂ ಕೈ ಇಳಿಸಿ ನಡುವಿನಿಂದ ಒಂದು ಹಿಡಿ ತೆಗೆಯುತ್ತಾನೆ, ಅಂಗೈಯಲ್ಲಿ ಕುಲುಕುತ್ತಾನೆ. ಚೆನ್ನಾಗಿ ಒಣಗಿದ್ದು ಗಲಗಲ ಎನ್ನುತ್ತದೆ, ಹಸಿ ಉಳಿದದ್ದು ಮಂದವಾಗಿ ಸದ್ದು ಮಾಡುತ್ತದೆ. ಆಮೇಲೆ ಅಡಕತ್ತರಿಯಲ್ಲಿ ಎರಡು ಮೂರು ಹೋಳು ಮಾಡಿ ಒಳಗಿನ ಬಣ್ಣ ನೋಡುತ್ತಾನೆ. ಒಳಗೆ ಬಿಳಿ ಹೆಚ್ಚಿದ್ದರೆ ಕೊನೆ (ಅಡಿಕೆಯ ಗೊನೆ) ತಡವಾಗಿ ಇಳಿಸಿದ್ದು, ಕಾಯಿ ಬಲಿತದ್ದು ಎಂದು ಗೊತ್ತಾಗುತ್ತದೆ. ಹೊರಗೆ ಚೊಗರಿನ (ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ರಸದ) ಹೊಳಪು ಒಂದೇ ಸಮ ಇಲ್ಲದಿದ್ದರೆ ಎರಡು ಮೂರು ಹಂಡೆಯ ಮಾಲು ಬೆರೆತಿದೆ ಎಂದು ಲೆಕ್ಕ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ವರ್ಷದ ದುಡಿಮೆಗೆ ಬೆಲೆ ಬೀಳುವುದು ಆ ಅರ್ಧ ನಿಮಿಷದಲ್ಲಿ.

ಬೆರಕೆ ಮಾಡಿ ತಂದರೆ ನಷ್ಟ ಬೆಳೆಗಾರನಿಗೇ. ಮೊದಲ ಕೊಯ್ಲಿನ ಎಳೆ ಅಡಿಕೆಯನ್ನು ಕೊನೆಯ ಕೊಯ್ಲಿನ ಬಲಿತ ಅಡಿಕೆ ಜೊತೆ ಸೇರಿಸಿದರೆ ಸರಾಸರಿ ದರ ಸಿಗುವುದಿಲ್ಲ, ಕೆಳಗಿನ ದರವೇ ಸಿಗುತ್ತದೆ. ಖರೀದಿದಾರ ಚೀಲದಲ್ಲಿ ಕಾಣದೆ ಉಳಿದದ್ದಕ್ಕೂ ಸೇರಿಸಿ ದರ ಇಳಿಸುತ್ತಾನೆ. ಕೊಯ್ಲುಕೊಯ್ಲಿಗೂ ಬೇರೆ ಚೀಲ, ಚೀಲದ ಮೇಲೆ ಗುರುತು, ಮಾರುವಾಗ ಬೇರೆ ಲಾಟು. ಇಷ್ಟು ಮಾಡಲು ಹೆಚ್ಚುವರಿ ಖರ್ಚೇನೂ ಇಲ್ಲ. ಬಣ್ಣಕ್ಕೆ ಚೊಗರು ಬಿಟ್ಟು ಬೇರೆ ಏನನ್ನೂ ಹಾಕಬೇಡಿ. ಒಬ್ಬರ ಬಣ್ಣ ಬಯಲಾದರೆ ಇಡೀ ಊರಿನ ಮಾಲಿನ ಮೇಲೆ ಅನುಮಾನ ಬರುತ್ತದೆ.

ತೇವಾಂಶದ ಲೆಕ್ಕವನ್ನು ಮಾತ್ರ ಪ್ರತಿಯೊಬ್ಬರೂ ಒಮ್ಮೆ ಕಾಗದದ ಮೇಲೆ ಮಾಡಬೇಕು. ಆಹಾರ ಸುರಕ್ಷತಾ ನಿಯಮದಲ್ಲಿ ಅಡಿಕೆಗೆ ತೇವಾಂಶದ ಮಿತಿ 7%. ನಿಮ್ಮ ಹತ್ತು ಕ್ವಿಂಟಾಲಿನಲ್ಲಿ 10% ತೇವ ಇದೆ ಎಂದುಕೊಳ್ಳಿ. ಒಣ ಭಾಗ 900 ಕೆ.ಜಿ. ಅದನ್ನು 7%ಗೆ ಒಣಗಿಸಿದರೆ ಉಳಿಯುವುದು ಸುಮಾರು 968 ಕೆ.ಜಿ., ಅಂದರೆ 32 ಕೆ.ಜಿ. ಆವಿ. ಲೆಕ್ಕಕ್ಕೆ ಕ್ವಿಂಟಾಲಿಗೆ 50,000 ರೂ. ಎಂದು ಹಿಡಿದರೆ, ಖರೀದಿದಾರ ಈ ಹಸಿ ಮಾಲಿಗೆ ಸುಮಾರು 48,400 ರೂ. ಕೊಟ್ಟರೆ ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ತೇವ ಅಳೆಯುವ ಮೀಟರು ಇಲ್ಲದೆ ಕೈಯಲ್ಲಿ ಕುಲುಕಿ ನೋಡುವಾಗ 1,600 ರೂ. ಕಡಿಮೆ ಮಾಡಬೇಕಾದಲ್ಲಿ 3,000 ಕಡಿಮೆಯಾಗುವುದು ಸಹಜ. ಗೊತ್ತಿಲ್ಲದ್ದಕ್ಕೆ ಖರೀದಿದಾರ ತನ್ನ ರಕ್ಷಣೆ ನೋಡಿಕೊಳ್ಳುತ್ತಾನೆ. ಈ ಸೇವೆಯ ದೊಡ್ಡ ಕೊರತೆ ಇದೇ. ಲಾಟ್ ನಂಬರಿನ ಪಕ್ಕದಲ್ಲಿ ತೇವಾಂಶ, ಗಾತ್ರ, ಒಡಕಿನ ಪ್ರಮಾಣ ಅಳೆದು ಬರೆದಿದ್ದರೆ ದೂರದ ಊರಿನ ವ್ಯಾಪಾರಿಯೂ ಮಾಲು ಕಣ್ಣಾರೆ ನೋಡದೆ ದರ ಹಾಕಬಹುದಿತ್ತು. ಅಳತೆಯಿಲ್ಲದಿದ್ದರೆ ವೇದಿಕೆ ರಾಜ್ಯಕ್ಕೆಲ್ಲ ಒಂದೇ ಆದರೂ ಪೈಪೋಟಿ ಯಾರ್ಡಿನೊಳಗೆ ಓಡಾಡುವವರಿಗೆ ಸೀಮಿತ.

ಎಲೆಕ್ಟ್ರಾನಿಕ್ ತೂಕದ ಬಗ್ಗೆ ದೊಡ್ಡ ತಕರಾರಿಲ್ಲ, ಗಮನ ಇಡಬೇಕಾದದ್ದು ಚೀಲದ ತೂಕದ ಮೇಲೆ. ಖಾಲಿ ಚೀಲ 700 ಗ್ರಾಂ ಇದ್ದು ಕಳೆಯುವುದು ಒಂದು ಕೆ.ಜಿ. ಆದರೆ ಹದಿನೈದು ಚೀಲಕ್ಕೆ ನಾಲ್ಕೂವರೆ ಕೆ.ಜಿ. ಹೋಯಿತು, ಅದೇ 50,000ದ ಲೆಕ್ಕದಲ್ಲಿ 2,250 ರೂ. ಮನೆಯಿಂದ ಹೊರಡುವ ಮುಂಚೆ ನಾಲ್ಕು ಖಾಲಿ ಚೀಲ ಒಟ್ಟಿಗೆ ತೂಗಿ ಸರಾಸರಿ ಬರೆದುಕೊಳ್ಳಿ. ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ಎಂದು ಪ್ರತಿ ಚೀಲಕ್ಕೂ ನೋಡಿ.

ಬಿಲ್ಲಿನಲ್ಲಿ ಒಟ್ಟು ತೂಕ, ಚೀಲದ ತೂಕ, ನಿವ್ವಳ ತೂಕ, ದರ, ಹಮಾಲಿ, ಇತರೆ ಎಂದು ಸಾಲುಗಳಿರುತ್ತವೆ. ‘ಇತರೆ’ ಎಂಬ ಸಾಲು ಏನೆಂದು ಕೇಳಿ ಬರೆಸಿಕೊಳ್ಳಿ. ಮಾರುಕಟ್ಟೆ ಶುಲ್ಕ ಕೊಳ್ಳುವವರ ಮೇಲಿನದು, ನಿಮ್ಮ ಹಣದಲ್ಲಿ ಕಳೆಯುವಂಥದ್ದಲ್ಲ. ಒಣ ಅಡಿಕೆಗೆ 5% ಜಿಎಸ್‌ಟಿ ಇದೆ, ಆದರೆ ತನ್ನ ತೋಟದ ಬೆಳೆ ಮಾರುವ ರೈತ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ನಗದಿನ ವಿಷಯದಲ್ಲಿ ಎಚ್ಚರ: ಆದಾಯ ತೆರಿಗೆ ಕಾನೂನಿನ ಪ್ರಕಾರ ಒಬ್ಬರಿಂದ ಒಂದು ದಿನ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ತೆಗೆದುಕೊಂಡವರಿಗೆ. 50,000 ದರದಲ್ಲಿ ನಾಲ್ಕು ಕ್ವಿಂಟಾಲಿಗೇ ಆ ಮಿತಿ ಮುಟ್ಟುತ್ತದೆ. ಖಾತೆಗೇ ಹಾಕಿಸಿಕೊಳ್ಳಿ.

ಬಿಳಿ ಚೀಟಿಯ, ಅಂದರೆ ಅಧಿಕೃತ ಬಿಲ್ಲಿಲ್ಲದ ವ್ಯಾಪಾರಕ್ಕೆ ಒಪ್ಪಲೇಬೇಡಿ. ಕ್ವಿಂಟಾಲಿಗೆ ಇನ್ನೂರು ಮುನ್ನೂರು ಹೆಚ್ಚು ಕೊಡುತ್ತೇವೆ ಎಂಬ ಆಸೆ ತೋರಿಸಿದರೂ ಬೇಡ. ದುಡ್ಡು ಬಾಕಿ ಉಳಿದರೆ ದೂರು ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಬ್ಯಾಂಕಿನಲ್ಲಿ ಸಾಲ ಕೇಳುವಾಗ ಆದಾಯದ ದಾಖಲೆಯೂ ಇರುವುದಿಲ್ಲ. ಜೊತೆಗೆ ಆ ಮಾಲು ಮಾರುಕಟ್ಟೆಯ ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಪಟ್ಟಿಯ ದರವೂ ಪೂರ್ತಿ ನಿಜ ಹೇಳುವುದಿಲ್ಲ.

ಈಗ ಹಣಕಾಸಿನ ಮಾತು. ತೋಟದ ಖರ್ಚು ಮಳೆ ಹಿಡಿಯುವ ಮುಂಚೆ ಶುರು. ಕೊಳೆರೋಗಕ್ಕೆ 1% ಬೋರ್ಡೋ ದ್ರಾವಣ ಹೊಡೆಯಲು ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಬೇಕು. ಮೊದಲ ಸಲ ಹೊಡೆದ 40-45 ದಿನಕ್ಕೆ ಎರಡನೇ ಸಲ, ಮಳೆ ಬಿಡದಿದ್ದರೆ ಮೂರನೆಯದು. ಮರ ಹತ್ತುವವರ ಕೂಲಿ ಬೇರೆ. ದುಡ್ಡು ಬರುವುದು ಕೊನೆ ಇಳಿದು, ಸುಲಿದು, ಬೇಯಿಸಿ, ಒಣಗಿಸಿದ ಮೇಲೆ. ಜೂನಿನ ಖರ್ಚಿಗೂ ಚಳಿಗಾಲದ ಆದಾಯಕ್ಕೂ ನಡುವಿನ ಈ ಆರೇಳು ತಿಂಗಳ ಕಂದಕವನ್ನು ತುಂಬುವವನೇ ಮಾಲು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುತ್ತಾನೆ. ಖಾಸಗಿ ಮಂಡಿಯಲ್ಲಿ ಮುಂಗಡ ತಂದರೆ ಕಾಗದಪತ್ರದ ಕಿರಿಕಿರಿ ಇಲ್ಲ, ರಾತ್ರಿ ಫೋನ್ ಮಾಡಿದರೆ ಬೆಳಿಗ್ಗೆ ಹಣ. ಆ ಅನುಕೂಲವನ್ನು ಹಗುರವಾಗಿ ಕಾಣಬಾರದು. ಆದರೆ ಬೆಳೆ ಅಲ್ಲಿಗೇ ಹೋಗಬೇಕು, ದರ ಇಷ್ಟವಾಗದಿದ್ದಾಗ ‘ಬೇಡ’ ಎನ್ನುವ ಬಾಯಿ ಕಟ್ಟಿಹೋಗಿರುತ್ತದೆ. ಇ-ಟೆಂಡರ್ ಕೊಟ್ಟ ನಿರಾಕರಣೆಯ ಹಕ್ಕನ್ನು ಮುಂಗಡ ವಾಪಸು ತೆಗೆದುಕೊಂಡಂತಾಯಿತು.

ಇದಕ್ಕೆ ಮಲೆನಾಡಿನಲ್ಲೇ ಹಳೆಯ ಉತ್ತರ ಇದೆ. ಅಡಿಕೆ ಬೆಳೆಗಾರರ ಸಹಕಾರ ಸಂಘಗಳಾದ ಶಿವಮೊಗ್ಗದ ಮ್ಯಾಮ್ಕೋಸ್ 1939ರದ್ದು, ಮಂಗಳೂರಿನ ಕ್ಯಾಂಪ್ಕೊ 1973ರದ್ದು. ಸಹಕಾರ ಸಂಘಗಳು ಹುಟ್ಟಿದ ಕಾರಣವೇ ಸಾಲ ಮತ್ತು ಮಾರಾಟದ ಗಂಟು ಬೆಳೆಗಾರನ ಕಡೆಗೆ ಇರಲಿ ಎಂಬುದು. ಮಾಲನ್ನು ಗೋದಾಮಿನಲ್ಲಿಟ್ಟು ಅದರ ಮೇಲೆ ಅಡಮಾನ ಸಾಲ ತೆಗೆಯುವ ದಾರಿ ಈ ಇಡೀ ಸೇವೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು. ಆದರೂ ಕಣ್ಣುಮುಚ್ಚಿ ಇಡಬೇಡಿ, ಲೆಕ್ಕ ಹಾಕಿ. ಹತ್ತು ಕ್ವಿಂಟಾಲಿಗೆ ಐದು ಲಕ್ಷ, ಅದರ 60% ಅಂದರೆ ಮೂರು ಲಕ್ಷ ಸಾಲ, ಬಡ್ಡಿ ವರ್ಷಕ್ಕೆ 10% ಎಂದುಕೊಳ್ಳೋಣ. ನಾಲ್ಕು ತಿಂಗಳಿಗೆ ಬಡ್ಡಿ 10,000 ರೂ. ಉಳಿದ ಎರಡು ಲಕ್ಷವೂ ಮಾಲಿನಲ್ಲೇ ಸಿಕ್ಕಿಕೊಂಡಿದೆ. ಅದೇ ಹಣ ಬ್ಯಾಂಕಿನಲ್ಲಿ 6%ಗೆ ಇದ್ದಿದ್ದರೆ 4,000 ರೂ. ಬರುತ್ತಿತ್ತು. ಒಟ್ಟು 14,000, ಕ್ವಿಂಟಾಲಿಗೆ 1,400. ಅದರ ಮೇಲೆ ಗೋದಾಮಿನ ಬಾಡಿಗೆ ಮತ್ತು ಒಣಗಿ ಕಡಿಮೆಯಾಗುವ ತೂಕ. ನಾಲ್ಕು ತಿಂಗಳಲ್ಲಿ ದರ 50,000ದಿಂದ 51,000ಕ್ಕೆ ಏರಿದರೆ ‘ಕಾದದ್ದು ಒಳ್ಳೆಯದಾಯ್ತು’ ಅನಿಸುತ್ತದೆ, ನಿಜದಲ್ಲಿ ನಷ್ಟ. 52,000 ದಾಟಿದರೆ ಕಾದದ್ದಕ್ಕೆ ಏನಾದರೂ ಉಳಿಯಿತು ಎನ್ನಬಹುದು. ಮಾಲು ಇಡುವಾಗ ವಿಮೆ ಯಾರದು, ತೂಕದ ಕೊರತೆ ಎಷ್ಟರವರೆಗೆ ಒಪ್ಪುತ್ತಾರೆ, ದರ ಬಿದ್ದರೆ ಹೆಚ್ಚುವರಿ ಹಣ ಯಾವಾಗ ಕೇಳುತ್ತಾರೆ ಎಂಬ ಮೂರನ್ನು ರಸೀದಿಯಲ್ಲೇ ಓದಿಕೊಳ್ಳಿ.

ಮನೆಯಲ್ಲೇ ಇಡುವವರಿಗೆ ಮಲೆನಾಡಿನ ಮಳೆ ಶತ್ರು. ಸೆಣಬಿನ ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ನೆಲಕ್ಕೆ ಮರದ ಹಲಗೆ ಹಾಸಿ, ಗೋಡೆಯಿಂದ ಒಂದಡಿ ಬಿಟ್ಟು ಪೇರಿಸಿ. ಪೂರ್ತಿ ಒಣಗದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಜೂನ್‌ನಲ್ಲಿ ಕಟ್ಟಿದ್ದನ್ನು ಆಗಸ್ಟಿನಲ್ಲಿ ಬಿಚ್ಚಿ ನೋಡಿ ಮತ್ತೆ ಕಟ್ಟುವ ಅಭ್ಯಾಸವೂ ಬೇಡ, ಬಿಚ್ಚಿದಾಗಲೇ ಹೊರಗಿನ ತೇವ ಒಳಗೆ ಹೋಗುತ್ತದೆ.

ಎಷ್ಟು ಚೆನ್ನಾಗಿ ಮಾರಿದರೂ ದರದ ಒಂದು ಪಾಲು ದೆಹಲಿಯಲ್ಲಿ ನಿರ್ಧಾರವಾಗುತ್ತದೆ. ಕನಿಷ್ಠ ಆಮದು ಬೆಲೆಯನ್ನು (ಇದಕ್ಕಿಂತ ಕಡಿಮೆ ಬೆಲೆಯ ಹೊರದೇಶದ ಅಡಿಕೆ ತರುವಂತಿಲ್ಲ) 2023ರ ಫೆಬ್ರುವರಿಯಲ್ಲಿ ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದರು. ಅದಕ್ಕೆ ಮೊದಲು, 2022ರಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಿದ್ದರು. ಇಂಥ ಸುದ್ದಿ ಬಂದ ವಾರ ಟೆಂಡರಿನಲ್ಲಿ ಖರೀದಿದಾರರು ಕೈ ಬಿಗಿಹಿಡಿಯುತ್ತಾರೆ. ಆ ವಾರ ಮಾರದೆ ಇರುವ ಶಕ್ತಿ ಇದ್ದರೆ ಮಾರಬೇಡಿ. 2014ರಲ್ಲಿ ದರ ಗಗನಕ್ಕೇರಿ ಇಳಿದದ್ದನ್ನು ಕಂಡವರು ಇನ್ನೊಂದು ಕಡೆಯ ಎಚ್ಚರವನ್ನೂ ಹೇಳುತ್ತಾರೆ: ಇನ್ನೂ ಏರುತ್ತದೆ ಎಂದು ಇಡೀ ಬೆಳೆ ಹಿಡಿದಿಡಬೇಡಿ. ಮೂರು ಪಾಲು ಮಾಡಿ, ಒಂದನ್ನು ಒಣಗಿದ ತಕ್ಷಣ ಮಾರಿ ಸಾಲ ತೀರಿಸಿ, ಉಳಿದೆರಡನ್ನು ಬೇರೆ ಬೇರೆ ತಿಂಗಳಿಗೆ ಬಿಡಿ.

ಐದು ಕ್ವಿಂಟಾಲಿಗಿಂತ ಕಡಿಮೆ ಬೆಳೆಯುವವರು ಶಿವಮೊಗ್ಗದವರೆಗೆ ಗಾಡಿ ಬಾಡಿಗೆ ಕೊಟ್ಟು ಬರುವ ಬದಲು ತೀರ್ಥಹಳ್ಳಿ, ಹೊಸನಗರ ಅಥವಾ ಸಾಗರದಲ್ಲಿ ತಮಗೆ ಹತ್ತಿರದ ಸಂಘಕ್ಕೆ ಹಾಕುವುದೇ ಲೇಸು. ಚಾಲಿ (ಹಣ್ಣಡಿಕೆ ಬೇಯಿಸದೆ ಒಣಗಿಸಿ ಸುಲಿದದ್ದು), ಸಿಪ್ಪೆಗೋಟು (ಸಿಪ್ಪೆ ಸಮೇತ ಒಣಗಿದ್ದು) ಮಾಡುವವರಿಗಂತೂ ಸಾಗರದ ಮಾರುಕಟ್ಟೆ ಹೆಚ್ಚು ಒಗ್ಗುತ್ತದೆ, ಅಲ್ಲಿನ ಪಟ್ಟಿಯಲ್ಲಿ ಅವಕ್ಕೆ ಪ್ರತ್ಯೇಕ ದರ ಇದೆ. ದೊಡ್ಡ ಲಾಟಿನ ರಾಶಿ ಇದ್ದು, ಮುಂಗಡದ ಹಂಗಿಲ್ಲದವರು ಶಿವಮೊಗ್ಗಕ್ಕೇ ತನ್ನಿ. ಟೆಂಡರ್ ದಿನದ ಹಿಂದಿನ ಸಂಜೆಯೇ ಮಾಲು ಇಳಿಸಿ. ತಡವಾಗಿ ಬಂದ ಲಾಟಿನ ಮಾದರಿಯನ್ನು ಎಲ್ಲ ಖರೀದಿದಾರರೂ ನೋಡಿರುವುದಿಲ್ಲ, ನೋಡದವರು ದರ ಬರೆಯುವುದೂ ಇಲ್ಲ.